ಅಚ್ಚುಕಟ್ಟಮ್ಮ ಬಿಚ್ಚಿ ಕಟ್ಟಿದ ಗಂಟುಗಳು

ಎದುರಿಗೆ ನಿಂತವರ ಅಂಗಿಯಿಂದ ಒಂದೆಳೆ ದಾರ ಹೊರಗೆ ಇಣುಕಿದರೆ ಸಾಕು, ಅಚ್ಚುಕಟ್ಟಮ್ಮನಿಗೆ ಅವರ ಮಾತು ಕಿವಿಗೆ ಬೀಳುವುದಿಲ್ಲ. ಕಣ್ಣೆಲ್ಲ ಆ ದಾರದ ಮೇಲೆ. ಅವರು ಸಾವಿನ ಸುದ್ದಿಯನ್ನೇ ಹೇಳುತ್ತಿರಲಿ, ಇವಳ ಕೈ ಮೆಲ್ಲಗೆ ಕತ್ತರಿ ಹುಡುಕುತ್ತಿರುತ್ತದೆ. ಒಮ್ಮೆ ಬ್ಯಾಂಕಿನ ಮ್ಯಾನೇಜರು ಅಳತೆ ಕೊಡಲು ನಿಂತಿದ್ದಾಗ ಅವರ ತೋಳಿನ ದಾರವನ್ನು ಹಲ್ಲಿನಲ್ಲೇ ಕಡಿದುಬಿಟ್ಟಳು. ಆ ಮನುಷ್ಯ ಗಾಬರಿಬಿದ್ದು ಹಿಂದಕ್ಕೆ ಹಾರಿದ ರಭಸಕ್ಕೆ ನನ್ನ ಗುಂಡಿ ಡಬ್ಬಿಗಳೆಲ್ಲ ನೆಲಕ್ಕುರುಳಿದವು. ಅವತ್ತಿಡೀ ನಾನು ಕೆಂಪು ಗುಂಡಿ ಬೇರೆ, ಕಪ್ಪು ಗುಂಡಿ ಬೇರೆ ಮಾಡುತ್ತ ಕೂತಿದ್ದೆ. ಬಾಯಿ ಮಾತ್ರ ಬಿಡುವಾಗಿತ್ತು, ಅದರಿಂದ ಅವಳನ್ನು ಬೈಯುತ್ತಿದ್ದೆ.

ನನ್ನದು ಗುಂಡಿ, ದಾರ, ಜಿಪ್ಪು, ಲೇಸು ಮಾರುವ ಅಂಗಡಿ; ಪಕ್ಕದ ಮಳಿಗೆಯಲ್ಲಿ ಅವಳ ಹೊಲಿಗೆ. ನಡುವೆ ಇರುವುದು ಬರೀ ಹಲಗೆಯ ಗೋಡೆ. ಅವಳು ನಿಟ್ಟುಸಿರು ಬಿಟ್ಟರೆ ನನಗೆ ಕೇಳುತ್ತದೆ, ನಾನು ಬೈದರೆ ಅವಳಿಗೆ ಕೇಳುತ್ತದೆ. ಅಚ್ಚುಕಟ್ಟಮ್ಮ ಎಂದು ಹೆಸರಿಟ್ಟವಳೂ ನಾನೇ. ಹೊಗಳುವುದಕ್ಕೇನೂ ಇಟ್ಟದ್ದಲ್ಲ. ಆದರೆ ಪೇಟೆಯವರು ಅದನ್ನು ಹೊಗಳಿಕೆ ಎಂದೇ ಎತ್ತಿಕೊಂಡರು, ಅವಳೂ ಹಾಗೇ ತಿಳಿದು ಹಿಗ್ಗಿದಳು. ಈಗ ಅವಳ ನಿಜವಾದ ಹೆಸರೇನು ಎಂದರೆ ನಾನೂ ಒಂದು ಗಳಿಗೆ ಯೋಚಿಸಬೇಕು.

ಗಂಡ ತೀರಿಹೋಗಿ ವರ್ಷಗಳೇ ಆದವು, ಮಕ್ಕಳಿಲ್ಲ. ತವರಿನ ಕಡೆ ಯಾರೂ ಉಳಿದಿಲ್ಲ. ಅವಳಿಗೆ ತನ್ನವಳು ಎಂದು ಇರುವವಳು ಒಬ್ಬಳೇ, ಗಂಡನ ತಂಗಿ. ಗಂಡ ಹೋದಮೇಲೂ ನಾದಿನಿ–ಅತ್ತಿಗೆ ನಂಟು ಸಡಿಲವಾಗಲಿಲ್ಲ. ಇವಳು ಹೊಲಿದದ್ದನ್ನು ಅವಳು ಇಸ್ತ್ರಿ ಮಾಡಿ ತರುತ್ತಾಳೆ. ತಂದವಳು ಒಂದು ಲೋಟ ಚಹಾ ಕುಡಿದು, ಅಣ್ಣನ ಹಳೆಯ ಜಗಳಗಳನ್ನು ನೆನೆದು, ಇಬ್ಬರೂ ನಕ್ಕು, ಒಂದಿಷ್ಟು ಅತ್ತು, ಹೋಗುತ್ತಾಳೆ. ಹಲಗೆಯ ಈಚೆಯಿಂದ ನಾನೂ ಎಷ್ಟೋ ಸಲ ಅವರ ಜೊತೆ ಪುಕ್ಕಟೆ ಅತ್ತಿದ್ದೇನೆ.

ನಾದಿನಿ ಇರುವುದು ತಗಡಿನ ಓಣಿಯಲ್ಲಿ. ಮೇಲೆ ತಗಡು, ಕೆಲವು ಮನೆಗಳಿಗೆ ಗೋಡೆಯೂ ತಗಡು, ನಡುವೆ ಸಿಮೆಂಟು ಹಾಕಿದ ದಾರಿ. ಕಡ್ಡಿಗೆ ಬೇಕೆಂದರೂ ಒಂದು ಗಿಡವಿಲ್ಲ. ಮಧ್ಯಾಹ್ನ ಬಾಗಿಲ ಚಿಲಕ ಮುಟ್ಟಬೇಕಾದರೆ ಕೈಗೆ ಬಟ್ಟೆ ಸುತ್ತಿಕೊಳ್ಳಬೇಕು. ಅಂಥ ಮನೆಯೊಳಗೆ ಇವಳು ಕೆಂಡದಂಥ ಇಸ್ತ್ರಿ ಪೆಟ್ಟಿಗೆ ಹಿಡಿದು ಬೆಳಗಿನಿಂದ ಸಂಜೆಯವರೆಗೆ ನಿಲ್ಲಬೇಕು. ಹೋದ ಬೇಸಿಗೆಯಲ್ಲಿ ಕಣ್ಣು ಕತ್ತಲೆ ಬಂದು ಮೇಜಿನ ಮೇಲೇ ಕುಸಿದಳು. ಯಾರದೋ ಅಂಗಿ ಸುಟ್ಟಿತು, ಇವಳ ಮೊಣಕೈ ಸುಟ್ಟಿತು. ಎಚ್ಚರವಾದಾಗ ಮೊದಲು ಅತ್ತದ್ದು ಅಂಗಿಗಾಗಿ. ಇನ್ನೊಂದು ಬೇಸಿಗೆ ಹೀಗೇ ಬಂದರೆ ತನ್ನಿಂದಾಗದು ಎಂದು ಅತ್ತಿಗೆಯ ಮುಂದೆ ಹೇಳಿದ್ದನ್ನು ನಾನೇ ಕೇಳಿದ್ದೇನೆ.

ಆ ಇನ್ನೊಂದು ಬೇಸಿಗೆಗೆ ಮುಂಚೆಯೇ ಬಣ್ಣದ ಹುಡುಗಿ ಬಂದಳು. ಯಾವಾಗ ನೋಡಿದರೂ ಉಗುರಿನಲ್ಲಿ ಬಣ್ಣ ಮೆತ್ತಿಕೊಂಡಿರುತ್ತಿದ್ದ ಈ ಕಲಾವಿದೆಯನ್ನು ಪುರಸಭೆಯವರು ಕರೆಸಿದ್ದರು. ಇಡೀ ಊರಿನ ನಕ್ಷೆಯನ್ನು ಸಿನಿಮಾ ಪರದೆಯಷ್ಟು ದೊಡ್ಡ ಬಟ್ಟೆಯ ಮೇಲೆ ಮಾಡಿ ಪೇಟೆ ಚೌಕದಲ್ಲಿ ಕಬ್ಬಿಣದ ಚೌಕಟ್ಟಿಗೆ ತೂಗುಹಾಕಬೇಕು. ಪ್ರತಿ ಬೀದಿಯುದ್ದಕ್ಕೂ ಗುಂಡಿ ಹಾಕುವ ಕಾಜಾಗಳ ಸಾಲು ಇರಬೇಕು. ಆ ಹೊಲಿಗೆಗೆ ಅಚ್ಚುಕಟ್ಟಮ್ಮನನ್ನು ಹುಡುಕಿಕೊಂಡು ಬಂದಿದ್ದಳು. ನಿಯಮ ಸುಲಭ. ನಿಮ್ಮದೇ ಹಳೆಯ ಬಟ್ಟೆಯಿಂದ ಒಂದು ಪಟ್ಟಿ ಹರಿದು ತನ್ನಿ. ಊರಿನ ಯಾವ ಜಾಗದಲ್ಲಿ ನಿಮಗೆ ಬಿಸಿಲು ತಡೆಯಲಾಗುವುದಿಲ್ಲವೋ ಅಲ್ಲಿಯ ಕಾಜಾದೊಳಗೆ ತೂರಿಸಿ ಗಂಟು ಹಾಕಿ. ಗಂಟು ಹಾಕಿದಿರೆಂದರೆ ಅಲ್ಲಿ ನೆಡುವ ಗಿಡಕ್ಕೆ ನೀರು ಹಾಕುತ್ತೇನೆ ಎಂದು ಮಾತು ಕೊಟ್ಟಂತೆ. ಎಲ್ಲಕ್ಕಿಂತ ಹೆಚ್ಚು ಗಂಟು ಬಿದ್ದ ಬೀದಿಗೆ ಈ ವರ್ಷದ ಗಿಡಗಳು, ಸೂರಿಗೆ ಬಿಸಿಲು ಹಿಮ್ಮೆಟ್ಟಿಸುವ ಬಿಳಿ ಬಣ್ಣ, ಗಿಡ ಬೆಳೆಯುವ ತನಕ ನೆರಳಿನ ಚಪ್ಪರ. ಈ ವರ್ಷಕ್ಕೆ ಒಂದೇ ಬೀದಿ.

"ಚಿಂದಿ ಕಟ್ಟಿದ್ರೆ ಊರು ತಣ್ಣಗಾಗುತ್ತೇನಮ್ಮಾ?" ಎಂದು ನಾನು ಕಿಚಾಯಿಸಿದೆ.

"ಎಲ್ಲಿ ಬಿಸಿ ಅಂತ ಆಫೀಸ್‌ನಲ್ಲಿ ಕೂತೋರಿಗೆ ಹೇಗೆ ಗೊತ್ತಾಗ್ಬೇಕು ಆಂಟಿ? ಅಲ್ಲಿ ಫ್ಯಾನ್ ಇದೆ," ಎಂದಳು. ಉತ್ತರ ನನಗೆ ಇಷ್ಟವಾಯಿತು. ಹಾಗೆಂದು ಹೇಳಿ ಅವಳನ್ನು ತಲೆ ಮೇಲೆ ಕೂರಿಸಿಕೊಳ್ಳಲಿಲ್ಲ, ಅಷ್ಟೇ.

ಬಟ್ಟೆ ತೂಗುಹಾಕಿದ ಮೇಲೆ ನೋಡಬೇಕಿತ್ತು. ನಾಲ್ಕು ರಸ್ತೆ ಕೂಡುವಲ್ಲಿ ನಿಲ್ಲುವ ಪೊಲೀಸಿನವನು ತನ್ನ ಹಳೆಯ ಟೋಪಿಯ ಪಟ್ಟಿ ತಂದು ತಾನು ನಿಲ್ಲುವ ಜಾಗಕ್ಕೇ ಬಿಗಿದ. ಅಂಚೆಯವನು ತನ್ನ ದಾರಿಯುದ್ದಕ್ಕೂ ಕಟ್ಟುತ್ತ ಹೋಗಿ, ಪಟ್ಟಿ ಸಾಲದೆ, ಕರವಸ್ತ್ರವನ್ನೇ ಹರಿದ. ಒಬ್ಬ ಮುದುಕ ನಕ್ಷೆಯ ಮೇಲೆ ಬೆರಳಿಟ್ಟು ಮನೆ ಹುಡುಕುತ್ತ ಹುಡುಕುತ್ತ ಕೆರೆಯೊಳಗೆ ಇಳಿದುಬಿಟ್ಟಿದ್ದ; ಪಕ್ಕದಲ್ಲಿದ್ದವರು ಕೈ ಹಿಡಿದು ದಡಕ್ಕೆ ತಂದರು. ಎಂದೂ ಮಾತಾಡಿಸದವರು ಜಗಳಕ್ಕೆ ನಿಂತರು: "ನಿಮ್ಮ ಬೀದೀಲಿ ಮರ ಇದೆಯಲ್ರೀ, ನಿಮಗೇನು ಬಂತು ಕಷ್ಟ?" ಜಗಳದ ಕೊನೆಯಲ್ಲಿ ಯಾವ ಜಾತಿಯ ಗಿಡ ಬೇಗ ನೆರಳು ಕೊಡುತ್ತದೆ ಎಂಬ ಚರ್ಚೆ. ನಮ್ಮ ಬೀದಿಯ ಅಂಗಡಿಯವರು ಮಾತ್ರ ಒಬ್ಬರೂ ಅತ್ತ ಹಾಯಲಿಲ್ಲ. ಒಂದು ಪಟ್ಟಿ ಕಟ್ಟಿದರೆ ನಿಮ್ಮಪ್ಪನ ಗಂಟೇನು ಹೋಗುತ್ತೆ ಎಂದು ಅಚ್ಚುಕಟ್ಟಮ್ಮ ನಮ್ಮನ್ನೆಲ್ಲ ಕೇಳಿದಳು. ವ್ಯಾಪಾರದ ಹೊತ್ತು, ಯಾರಿಗೆ ಬೇಕು. ಇಡೀ ನಕ್ಷೆಯಲ್ಲಿ ನಮ್ಮ ಬೀದಿಯೊಂದು ಬೋಳು ತಲೆಯ ಹಾಗೆ ಹೊಳೆಯುತ್ತಿತ್ತು.

ತಗಡಿನ ಓಣಿಯಲ್ಲಿ ನಾದಿನಿ ಮನೆಮನೆ ತಿರುಗಿದಳು. ಎಲ್ಲರೂ ಬಂದು ಕಟ್ಟಿದರು. ಓಣಿಯ ಕೊನೆಯ ಮನೆಗಳವರಿಗೆ ಕಾರ್ಖಾನೆ ಕೆಲಸ ಬಿಟ್ಟು ಬರಲಾಗದು. ಅವರ ಪಟ್ಟಿಗಳನ್ನೆಲ್ಲ ಅದೇ ಓಣಿಯ ಅಜ್ಜಿ, ಒಬ್ಬಂಟಿ ಹೆಂಗಸು, ನಾನು ಕಟ್ಟಿ ಬರುತ್ತೇನೆ ಎಂದು ಒಯ್ದಳು. ಮೊದಲೇ ಓಣಿ ನಕ್ಷೆಯ ಒಂದು ಮೂಲೆಯಲ್ಲಿ ಇತ್ತು. ಅಷ್ಟು ಗಂಟುಗಳು ಒಂದೇ ಕಡೆ ಜೋತುಬಿದ್ದು ಆ ಮೂಲೆ ಕೆಳಗೆ ಜಗ್ಗಿತು.

ಮುಂದೆ ಆದದ್ದು ನನಗೆ ಆಮೇಲೆ ತಿಳಿದದ್ದು. ನಿಮಗೆ ಈಗಲೇ ಹೇಳಿಬಿಡುತ್ತೇನೆ, ಗುಟ್ಟು ಹಿಡಿದಿಟ್ಟುಕೊಳ್ಳುವ ಹೊಟ್ಟೆ ನನ್ನದಲ್ಲ.

ಬೆಳಗ್ಗೆ ಜನ ಬರುವ ಮುಂಚೆ ಬಟ್ಟೆಯನ್ನು ನೋಡಿ, ಹರಿದಲ್ಲಿ ಹೊಲಿಯುವುದು ಅಚ್ಚುಕಟ್ಟಮ್ಮನ ಕೆಲಸವಾಗಿತ್ತು. ಎಣಿಕೆಗೆ ಮುಂಚಿನ ಬೆಳಗ್ಗೆ ಹೋಗಿ ನೋಡುತ್ತಾಳೆ, ಆ ಮೂಲೆ ಸೊಟ್ಟಗಾಗಿದೆ, ಹೊಲಿಗೆ ಬಾಯಿಬಿಡುತ್ತಿದೆ, ಇಡೀ ಊರು ಒಂದು ಕಡೆ ವಾಲಿದೆ. ತಾನು ಹೊಲಿದ ಬಟ್ಟೆ ಪೇಟೆ ನಡುವೆ ಹೀಗೆ ಜೋಲುಮುಖ ಹಾಕಿ ನಿಂತರೆ ಅವಳ ಕೈ ಸುಮ್ಮನಿರುತ್ತದೆಯೇ. ಏಣಿ ತಂದಳು. ಓಣಿಯ ಗಂಟುಗಳಲ್ಲಿ ಬಹಳಷ್ಟನ್ನು ಬಿಚ್ಚಿದಳು. ಎದುರು ಬದಿಯಲ್ಲಿ ಖಾಲಿ ಇದ್ದ ಕಾಜಾಗಳಿಗೆ ಅವನ್ನು ಒಂದೊಂದಾಗಿ ಕಟ್ಟಿದಳು. ಭಾರ ಎರಡೂ ಕಡೆ ಸಮವಾಯಿತು, ಬಟ್ಟೆ ನೆಟ್ಟಗೆ ನಿಂತಿತು. ಕೆಳಗಿಳಿದು ದೂರ ನಿಂತು ನೋಡಿ ತೃಪ್ತಿಪಟ್ಟು ಅಂಗಡಿಗೆ ಬಂದಳು. ಗಂಟು ಎಣಿಸುತ್ತಾರೆಂದು ಗೊತ್ತಿತ್ತು, ಆದರೆ ಒಟ್ಟು ಎಣಿಸುತ್ತಾರೆ, ಒಂದೂ ಕಡಿಮೆಯಾಗಬಾರದು ಎಂಬುದಷ್ಟೇ ಆ ಹೊತ್ತಿಗೆ ಅವಳ ತಲೆಯಲ್ಲಿದ್ದದ್ದು. ಒಂದು ಪಟ್ಟಿಯನ್ನೂ ಕೆಳಗೆ ಬೀಳಿಸಿರಲಿಲ್ಲ.

ಎದುರು ಬದಿಯಲ್ಲಿ ಖಾಲಿ ಇದ್ದದ್ದು ನಮ್ಮ ಬೀದಿ.

ಮರುದಿನ ಪುರಸಭೆಯ ಇಂಜಿನಿಯರು ಬಂದು, ಎಣಿಸಿ, ಹೆಸರು ಕೂಗಿದರು. ನಮ್ಮ ಬೀದಿ. ನಾವೆಲ್ಲ ಮುಖಮುಖ ನೋಡಿಕೊಂಡೆವು. ಆಮೇಲೆ ಪ್ರತಿಯೊಬ್ಬರೂ ತಾವು ಮಾತ್ರ ಕಟ್ಟಿರಲಿಲ್ಲ, ಉಳಿದವರೆಲ್ಲ ಕದ್ದುಮುಚ್ಚಿ ಕಟ್ಟಿ ಬಂದಿದ್ದಾರೆ ಎಂದುಕೊಂಡರು. ನಾನೂ ಹಾಗೇ ಅಂದುಕೊಂಡೆ. ಪುಕ್ಕಟೆ ಬಂದ ನೆರಳು ಯಾರಿಗೆ ಕಹಿ. ಹಲಗೆಯ ಆಚೆಗೆ ಯಂತ್ರದ ಸದ್ದು ನಿಂತಿತ್ತು. ಏನೇ, ಸಂತೋಷಕ್ಕೆ ಮೂರ್ಛೆ ಹೋದೆಯಾ ಎಂದು ಕೇಳಿದೆ.

ಎರಡು ದಿನ ಬಿಟ್ಟು ನಾದಿನಿ ಇಸ್ತ್ರಿ ಬಟ್ಟೆ ಹೊತ್ತು ಬಂದಳು. ಅವಳು ಸಿಟ್ಟಾಗಿ ಬಂದಿದ್ದರೆ ಅಚ್ಚುಕಟ್ಟಮ್ಮ ತಡೆದುಕೊಳ್ಳುತ್ತಿದ್ದಳೋ ಏನೋ. ಅವಳು ಬಂದದ್ದು ನಾಚಿಕೆಯಿಂದ.

"ನಿಮ್ಮ ಬೀದಿಯವರು ಒಗ್ಗಟ್ಟಾಗಿ ಕಟ್ಟಿದ್ರಿ, ನಿಮಗೆ ಬಂತು. ನಮ್ಮೋರ ಬುದ್ಧಿಯೇ ಇಷ್ಟು ಅತ್ತಿಗೆ. ಕಟ್ಟಿದೀವಿ ಕಟ್ಟಿದೀವಿ ಅಂತ ಎಲ್ಲಾ ಸುಳ್ಳು ಹೇಳಿದಾರೆ ನಂಗೆ. ನಾನು ಮಳ್ಳಿ, ನಂಬಿಬಿಟ್ಟೆ."

"ಹಾಗೆಲ್ಲ ಅನ್ಬೇಡ," ಎಂದಳು ಅಚ್ಚುಕಟ್ಟಮ್ಮ.

"ಅನ್ನದೆ? ಓಣಿಯಲ್ಲಿ ಈಗ ಒಬ್ಬರಿಗೊಬ್ಬರು ಮಾತಿಲ್ಲ. ನೀನು ಕಟ್ಟಿಲ್ಲ, ನೀನು ಕಟ್ಟಿಲ್ಲ ಅಂತ ಬೆರಳು ತೋರಿಸ್ತಾ ಇದಾರೆ. ಆ ಅಜ್ಜಿ, ಅಷ್ಟೊಂದು ಮನೆಯವರ ಪಟ್ಟಿ ಒಯ್ದಳಲ್ಲ, ಅವಳೇ ಎಲ್ಲೋ ಬಿಸಾಕಿದಾಳೆ ಅಂತ ನಂಗೆ ಅನುಮಾನ. ಎಲ್ಲರ ಮುಂದೆ ಕೇಳಿಯೇ ಬಿಟ್ಟೆ. ಸುಳ್ಳಿ ಅಂದೆ."

ಅವಳು ಚಹಾ ಕುಡಿಯದೆ ಹೋದಳು. ಅಚ್ಚುಕಟ್ಟಮ್ಮ ಅವತ್ತಿನಿಂದ ಕೆಟ್ಟಳು. ಬಲಗೈ ತೋಳನ್ನು ಎಡಕ್ಕೆ ಹೊಲಿದಳು. ಒಂದು ಅಂಗಿಗೆ ಕಾಲರನ್ನು ಒಳಮುಖವಾಗಿ ಹಾಕಿ, ಬಿಚ್ಚಿ, ಮತ್ತೆ ಒಳಮುಖವಾಗಿಯೇ ಹಾಕಿದಳು. ಗಿರಾಕಿಯೊಬ್ಬ ಬಂದು ಗಂಟು ಎಂಬ ಮಾತನ್ನು ಯಾವುದಕ್ಕೋ ಎತ್ತಿದರೆ ಇವಳ ಮುಖ ಬಿಳಿಚಿಕೊಳ್ಳುತ್ತಿತ್ತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ. ನನಗೆ ತಡೆಯಲಾಗಲಿಲ್ಲ. ಹಲಗೆ ಬಡಿದು, ಈ ಕಡೆ ಬಾ ಎಂದು ಕರೆದು, ಸ್ಟೂಲಿನ ಮೇಲೆ ಕೂರಿಸಿ, ಏನಾಗಿದೆ ಹೇಳ್ತೀಯೋ ಇಲ್ಲವೋ ಎಂದು ಗದರಿದೆ. ಆಗ ಹೇಳಿದಳು.

"ಅಕ್ಕಾ, ಒಂದೂ ಬಿಸಾಕಿಲ್ಲ ಅಕ್ಕಾ. ಒಂದೂ ಬಿಸಾಕಿಲ್ಲ," ಎಂದು ಅದನ್ನೇ ಹೇಳುತ್ತಿದ್ದಳು.

ನಾನು ಏನು ಹೇಳಿದೆ ಎಂಬುದನ್ನೂ ಮುಚ್ಚಿಡುವುದಿಲ್ಲ. ಬಾಯಿಗೆ ಬೀಗ ಹಾಕಿಕೋ ಎಂದೆ. ಆದದ್ದು ಆಯಿತು, ಮುಂದಿನ ವರ್ಷ ಅವರಿಗೂ ಬರುತ್ತದೆ, ನೀನೇನು ಬೇಕೆಂದು ಮಾಡಿದೆಯಾ ಎಂದೆ. ನನ್ನ ಅಂಗಡಿಗೆ ಮಧ್ಯಾಹ್ನದ ಬಿಸಿಲು ನೇರ ಹೊಡೆಯುತ್ತದೆ, ಲೇಸಿನ ಬಣ್ಣವೆಲ್ಲ ಹೋಗುತ್ತದೆ. ನನ್ನ ಬುದ್ಧಿವಾದದೊಳಗೆ ಅದೂ ಇತ್ತು.

ಅವಳು ಹೂಂ ಎಂದಳು. ಅಷ್ಟರಲ್ಲಿ ಆಳುಗಳು ಬಂದು ಬೀದಿಯುದ್ದಕ್ಕೂ ಗಿಡಕ್ಕೆ ಗುಂಡಿ ತೋಡತೊಡಗಿದರು. ಗುಂಡಿ ಅಂಗಡಿ ಮುಂದೆ ಇನ್ನೊಂದು ಗುಂಡಿ, ಇನ್ನು ವ್ಯಾಪಾರ ಜೋರು ಎಂದು ಎದುರಿನ ಚಪ್ಪಲಿ ಅಂಗಡಿಯವನು ನನ್ನನ್ನು ಹಾಸ್ಯ ಮಾಡಿದ. ಎಲ್ಲರೂ ನಕ್ಕರು. ಅಚ್ಚುಕಟ್ಟಮ್ಮ ತನ್ನ ಬಾಗಿಲಲ್ಲಿ ನಿಂತು ಆ ಗುಂಡಿಗಳನ್ನು ನೋಡುತ್ತಿದ್ದಳು. ಗಿಡಗಳು ಮರುದಿನ ಬರುವುದಿತ್ತು. ನೆಟ್ಟುಬಿಟ್ಟರೆ ಕೀಳುವವರು ಯಾರು. ಅವಳು ಕೊರಳಿನ ಅಳತೆ ಟೇಪನ್ನು ತೆಗೆದು, ಸುತ್ತಿ, ಡ್ರಾಯರಿನಲ್ಲಿಟ್ಟು, ನಡೆದಳು. ಎಲ್ಲಿಗೆ ಹೊರಟೆ ಎಂದು ನಾನು ಕೂಗಿದರೂ ತಿರುಗಲಿಲ್ಲ. ಅಂಗಡಿ ಹಾಗೇ ಬಿಟ್ಟು ನಾನೂ ಹಿಂದೆ ಓಡಿದೆ, ತಡೆಯೋಣವೆಂದು.

ತಡೆಯಲಾಗಲಿಲ್ಲ. ಇಂಜಿನಿಯರರ ಕೋಣೆಯಲ್ಲಿ ಬಣ್ಣದ ಹುಡುಗಿಯೂ ಇದ್ದಳು. ನಕ್ಷೆಯ ಬಟ್ಟೆಯನ್ನು ಮಡಿಸಿ ಗೋಡೆ ಪಕ್ಕ ಇಟ್ಟಿದ್ದರು. ಅಚ್ಚುಕಟ್ಟಮ್ಮ ನಿಂತಲ್ಲೇ ಎಲ್ಲ ಹೇಳಿದಳು.

ಇಂಜಿನಿಯರು ಹಣೆ ಒತ್ತಿಕೊಂಡರು. "ಗುಂಡಿ ತೋಡಿ ಆಗಿದೆಯಲ್ಲಮ್ಮಾ. ಈಗ ಬಂದು ಹೇಳ್ತಾ ಇದೀರಲ್ಲ."

"ಹೆದರಿಕೆ ಆಯ್ತು ಸಾರ್."

"ಸರಿಯಾಗಿ ನಿಮ್ಮ ಬೀದಿಗೇ ಬಿತ್ತಲ್ಲ ಗಂಟು. ಬೇಕಂತಲೇ ಮಾಡಿದ್ದಲ್ಲ ಅಂತ ಹೇಗೆ ನಂಬೋದು?"

ನಾನು ಜಗಳಕ್ಕೆ ಬಾಯಿ ತೆರೆದಿದ್ದೆ. ಅವಳು ನನ್ನ ಕೈ ಹಿಡಿದು ನಿಲ್ಲಿಸಿದಳು. "ಬೇಕಂತ ಮಾಡಿಲ್ಲ ಸಾರ್. ಆದ್ರೆ ಆ ಬದಿಯ ಬೇರೆ ಬೀದಿಗಳಲ್ಲೂ ಖಾಲಿ ಕಾಜಾ ಇದ್ದವು. ಕೈ ಯಾಕೆ ಇದೇ ಕಡೆಗೆ ಹೋಯ್ತು ಅಂತ ಕೇಳಿದ್ರೆ ನಂಗೆ ಗೊತ್ತಿಲ್ಲ. ಆಮೇಲಿಂದ ನಾನೂ ಅದನ್ನೇ ಕೇಳ್ಕೊಳ್ತಾ ಇದೀನಿ."

ಬಣ್ಣದ ಹುಡುಗಿ ಬಟ್ಟೆ ಬಿಚ್ಚಿ ನೆಲದ ಮೇಲೆ ಹಾಸಿದಳು. ಊರಿನವರ ಗಂಟು ಉಂಡೆ ಉಂಡೆ, ಒಂದೊಂದು ಒಂದೊಂದು ಥರ. ಅಚ್ಚುಕಟ್ಟಮ್ಮನ ಗಂಟು ಚಪ್ಪಟೆ, ಎರಡು ತುದಿಯೂ ಸಮ. ಯಾರು ನೋಡಿದರೂ ಗೊತ್ತಾಗುವಂತಿತ್ತು. ನಮ್ಮ ಬೀದಿಯುದ್ದಕ್ಕೂ ಒಂದೇ ಒಂದು ಉಂಡೆ ಗಂಟಿರಲಿಲ್ಲ. ಅವಳು ಮಂಡಿಯೂರಿ ತಾನೇ ಕಟ್ಟಿದ್ದನ್ನು ತಾನೇ ಬಿಚ್ಚಿ ತಗಡಿನ ಓಣಿಗೆ ಮರಳಿಸಿದಳು. ತಗಡಿನ ಓಣಿಯ ಹೆಂಗಸರಿಗೆ ಹೇಳಿಕಳಿಸಿದರು. ಅವರು ಬಂದು, ಇದು ನಂದು, ಇದು ನನ್ನ ಮಗಳ ಹಳೇ ಲಂಗದ್ದು ಎಂದು ತಮ್ಮ ತಮ್ಮ ಪಟ್ಟಿಗಳನ್ನು ಮುಟ್ಟಿ ತೋರಿಸಿದರು. ಸುಳ್ಳಿಯರು ಎನಿಸಿಕೊಂಡವರ ಕಣ್ಣಲ್ಲಿ ನೀರಾಡಿತು. ನಾದಿನಿ ಅತ್ತಿಗೆಯನ್ನು ಎಬ್ಬಿಸಿ, ಅವಳ ಮಂಡಿಯ ಧೂಳು ಕೊಡವಿದಳು. "ಹೇಳಿದೆಯಲ್ಲ, ಅಷ್ಟು ಸಾಕು," ಎಂದಳು. ಆಗ ಅಚ್ಚುಕಟ್ಟಮ್ಮ ಎಲ್ಲರೆದುರು ಒಂದೂ ಬಿಸಾಕಿಲ್ಲ ಎನ್ನುತ್ತ ಅತ್ತಳು; ಹಾಗೆ ಅತ್ತದ್ದನ್ನು ನಾನು ಅವಳ ಗಂಡ ಹೋದಾಗಲೂ ನೋಡಿರಲಿಲ್ಲ.

ಗಿಡಗಳು ತಗಡಿನ ಓಣಿಗೆ ಹೋದವು. ಸೂರುಗಳಿಗೆ ಬಿಳಿ ಬಣ್ಣ ಬಿತ್ತು. ನಮ್ಮ ಬೀದಿಯವರು ಅವಳನ್ನು ಸುಮ್ಮನೆ ಬಿಡಲಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರದಂತೆ ಮಾಡಿದಳು ಎಂದು ಚಪ್ಪಲಿ ಅಂಗಡಿಯವನು ಅವಳಿಗೆ ಕೊಟ್ಟಿದ್ದ ಹೊಲಿಗೆಯನ್ನು ವಾಪಸು ಪಡೆದ. ನನಗೂ ಸಿಟ್ಟಿತ್ತು, ಆದರೆ ಅವನು ಹಾಗೆ ಮಾಡಿದಮೇಲೆ ನನ್ನ ಸಿಟ್ಟನ್ನು ಅವನ ಮೇಲೆ ತಿರುಗಿಸಿಕೊಂಡೆ.

ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಅವತ್ತು ನೆಲದ ಮೇಲೆ ಬಟ್ಟೆ ಹಾಸಿದಾಗ ಎಲ್ಲರ ಪಟ್ಟಿಯೂ ಸಿಕ್ಕಿತು, ಓಣಿಯ ಕೊನೆಯ ಮನೆಗಳದ್ದು ಮಾತ್ರ ಸಿಗಲಿಲ್ಲ. ಅಜ್ಜಿ ಒಯ್ದದ್ದು. ಎಷ್ಟು ಹುಡುಕಿದರೂ ಇಲ್ಲ.

"ನೋಡಿದೆಯಾ ಅತ್ತಿಗೆ, ನಾನಂದದ್ದು ಸರಿನೇ ಆಯ್ತು," ಎಂದಳು ನಾದಿನಿ ಚಹಾ ಕುಡಿಯುತ್ತ. "ಮನೆಮನೆಯಿಂದ ಇಸ್ಕೊಂಡು ಹೋಗಿ ಎಲ್ಲೋ ಎಸೆದು, ಕಟ್ಟಿದೆ ಅಂದಳಲ್ಲ. ನಾನು ಅಂದದ್ದಕ್ಕೆ ರೋಷ ಬಂದು ಮಗಳ ಮನೆಗೆ ಹೊರಟುಹೋಗಿದಾಳೆ. ಹೋಗ್ಲಿ. ಈಗ ಓಣಿಯಲ್ಲಿ ಯಾರೂ ಅವಳ ಹೆಸರೆತ್ತಲ್ಲ."

ಹಲಗೆಯ ಆಚೆ ಮತ್ತೆ ಯಂತ್ರ ನಿಂತಿತು. ನಾದಿನಿ ಹೋದಮೇಲೆ ಅಚ್ಚುಕಟ್ಟಮ್ಮ ನನ್ನ ಬಾಗಿಲಿಗೆ ಬಂದಳು. "ನಾನು ಮುಟ್ಟದೆ ಇದ್ದಿದ್ರೆ ಮೊದಲನೇ ದಿನವೇ ಗಿಡ ಬರ್ತಿತ್ತು ಅಕ್ಕಾ. ಯಾರ ಪಟ್ಟಿ ಇದೆ ಯಾರದ್ದಿಲ್ಲ ಅಂತ ಯಾರೂ ಹುಡುಕ್ತಿರಲಿಲ್ಲ."

"ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕ್ಬೇಡ," ಎಂದೆ. "ಅವಳು ಸುಳ್ಳು ಹೇಳಿದ್ದು ಅವಳ ತಪ್ಪು."

ಕೇಳಲಿಲ್ಲ. ನಾನೂ ಜೊತೆಗೆ ಹೋದೆ. ಒಬ್ಬಳನ್ನೇ ಬಿಟ್ಟರೆ ಇನ್ನೇನು ಒಪ್ಪಿಕೊಂಡು ಬರುತ್ತಾಳೋ ಎಂಬ ಭಯ.

ಅಜ್ಜಿಯ ಮಗಳ ಮನೆ ಊರಿನ ಆ ತುದಿಯಲ್ಲಿ, ಎರಡು ಕೋಣೆಯದು. ಅಳಿಯನ ಬೂಟು, ಮಕ್ಕಳ ಚೀಲ, ಒದ್ದೆ ಬಟ್ಟೆಗಳ ನಡುವೆ ಒಂದು ಕುರ್ಚಿಯಷ್ಟು ಜಾಗ ಮಾಡಿ ಅಜ್ಜಿಯನ್ನು ಕೂರಿಸಿದ್ದರು. ಮಗಳು ನಮ್ಮನ್ನು ನೋಡಿ, ಕರ್ಕೊಂಡು ಹೋಗೋಕೆ ಬಂದ್ರಾ ಎಂದು ಕೇಳಿದಳು. ಆ ಕೇಳಿದ ಧಾಟಿಯಲ್ಲೇ ಅಜ್ಜಿಗೆ ಇಲ್ಲಿ ಎಷ್ಟು ದಿನ ಎಂಬುದು ತಿಳಿಯುತ್ತಿತ್ತು. ಅವಳು ಒಳಗೆ ಹೋದಮೇಲೆ ಅಚ್ಚುಕಟ್ಟಮ್ಮ ಅಜ್ಜಿಯ ಪಕ್ಕ ನೆಲದ ಮೇಲೆ ಕೂತಳು.

"ಅಜ್ಜಿ, ಎಲ್ಲಾ ನನ್ನಿಂದ ಆಗಿದ್ದು. ಗಂಟು ಬಿಚ್ಚಿದವಳು ನಾನೇ. ನಿಮ್ಮದೂ ಎಲ್ಲೋ..."

"ನಾನು ಕಟ್ಟಿರಲೇ ಇಲ್ಲಮ್ಮಾ," ಎಂದಳು ಅಜ್ಜಿ.

ತನ್ನ ಎರಡೂ ಕೈಗಳನ್ನು ಮುಂದೆ ಚಾಚಿದಳು. ಬೆರಳಿನ ಗೆಣ್ಣುಗಳೆಲ್ಲ ಊದಿ ಶುಂಠಿಯ ಹಾಗೆ ಸೊಟ್ಟಗಾಗಿದ್ದವು. "ಕಟ್ಟೋಣ ಅಂತಲೇ ಹೋದೆ. ಆ ತೂತಿನಲ್ಲಿ ಪಟ್ಟಿ ತೂರಿಸೋಕೇ ಆಗ್ಲಿಲ್ಲ. ಸುತ್ತ ಜನ. ಯಾರನ್ನಾದ್ರೂ ಕೇಳಬಹುದಿತ್ತು. ನಾನು ಮಾಡ್ತೀನಿ ಅಂತ ದೊಡ್ಡದಾಗಿ ಹೇಳಿ ಬಂದಿದ್ದೆನಲ್ಲ, ನಾಚಿಕೆ ಆಯ್ತು. ವಾಪಸ್ ಬಂದು ಕಟ್ಟಿದೆ ಅಂದೆ. ನಿನ್ನ ನಾದಿನಿ ಸುಳ್ಳಿ ಅಂದದ್ದು ಸುಳ್ಳಲ್ಲ."

ದಿಂಬಿನ ಕವರಿನೊಳಗಿಂದ ಪಟ್ಟಿಗಳ ಸಣ್ಣ ಕಟ್ಟೊಂದನ್ನು ತೆಗೆದಳು. ಎಸೆಯುವುದಕ್ಕೂ ಮನಸ್ಸು ಬಂದಿರಲಿಲ್ಲ. ಅಚ್ಚುಕಟ್ಟಮ್ಮ ಅದನ್ನು ತೆಗೆದುಕೊಂಡು ತನ್ನ ಚೀಲಕ್ಕೆ ಹಾಕಿಕೊಂಡಳು. ದಾರಿಯಲ್ಲಿ ನಾನೇ ಮಾತಾಡಿದೆ: ಸರಿಹೋಯಿತು, ನಿನ್ನ ಎದೆಯ ಮೇಲಿನ ಕಲ್ಲು ಇಳಿಯಿತು, ಇದರಲ್ಲಿ ನಿನ್ನ ತಪ್ಪೇನಿಲ್ಲ. ಅವಳು ಮನೆ ಕಡೆ ತಿರುಗದೆ ತಗಡಿನ ಓಣಿಗೆ ತಿರುಗಿದಳು.

ಓಣಿಯಲ್ಲಿ ಚಪ್ಪರದ ಕೆಳಗೆ ಹೆಂಗಸರು ಕೂತಿದ್ದರು. ನಾದಿನಿ ಇಸ್ತ್ರಿ ಮೇಜನ್ನು ಹೊರಗೇ ನೆರಳಿಗೆ ಎಳೆದುಕೊಂಡಿದ್ದಳು. ಅತ್ತಿಗೆಯನ್ನು ಕಂಡು ಮುಖವರಳಿಸಿ, ಕೂತ್ಕೋ ಎಂದು ಮಣೆ ಕೊಟ್ಟಳು. ಅಚ್ಚುಕಟ್ಟಮ್ಮ ಕೂರಲಿಲ್ಲ. ಚೀಲದಿಂದ ಆ ಪಟ್ಟಿಗಳ ಕಟ್ಟನ್ನು ತೆಗೆದು ಎಲ್ಲರಿಗೂ ಕಾಣುವಂತೆ ಮೇಜಿನ ಮೇಲಿಟ್ಟಳು.

"ಅಜ್ಜಿ ಕಟ್ಟಿದ್ದರು. ಅವರದ್ದನ್ನೂ ನಾನೇ ಬಿಚ್ಚಿದ್ದೆ. ಮತ್ತೆ ಕಟ್ಟೋಕೆ ಕೈಗೆ ಸಿಗಲಿಲ್ಲ, ಚೀಲದಲ್ಲೇ ಉಳಿದುಹೋಗಿತ್ತು. ಹೇಳೋಕೆ ಹೆದರಿ ಸುಮ್ಮನಿದ್ದೆ."

ನನ್ನ ನಾಲಿಗೆ ತುದಿಗೆ ಬಂದದ್ದನ್ನು ನಾನು ಹೇಗೆ ನುಂಗಿದೆನೋ ನನಗೇ ಗೊತ್ತಿಲ್ಲ. ಅವಳು ನನ್ನ ಕಡೆ ಒಮ್ಮೆ ನೋಡಿದಳು, ಅಷ್ಟಕ್ಕೇ ನುಂಗಿದೆ.

ಕೊನೆಯ ಮನೆಗಳ ಹೆಂಗಸರು ತಮ್ಮ ಪಟ್ಟಿಗಳನ್ನು ಗುರುತಿಸಿದರು. ನಾದಿನಿ ಇಸ್ತ್ರಿ ಪೆಟ್ಟಿಗೆಯನ್ನು ನಿಧಾನವಾಗಿ ಪಕ್ಕಕ್ಕಿಟ್ಟಳು. "ಅಯ್ಯೋ, ನಾನು ಆ ಮುದಿ ಜೀವಕ್ಕೆ ಏನೆಲ್ಲಾ ಅಂದೆ," ಎಂದು ಮೊದಲು ತನಗೆ ತಾನೇ ಹೇಳಿಕೊಂಡಳು. ಆಮೇಲೆ ಅತ್ತಿಗೆಯ ಕಡೆ ತಿರುಗಿದಳು. "ಒಂದೂ ಬಿಸಾಕಿಲ್ಲ ಅಂತ ಅಷ್ಟು ಜನರ ಮುಂದೆ ಅತ್ತಿದ್ದೆಯಲ್ಲ ಅತ್ತಿಗೆ. ಆಗಲೂ ಇದು ಚೀಲದಲ್ಲಿತ್ತಾ? ನಾನು ನಿನ್ನ ಹತ್ತಿರ ಕೂತು, ಚಹಾ ಕುಡೀತಾ, ಅಜ್ಜಿನ ಬೈತಾ ಇದ್ದಾಗಲೂ ಇತ್ತಾ?"

"ಇತ್ತು," ಎಂದಳು ಅಚ್ಚುಕಟ್ಟಮ್ಮ.

ನಾದಿನಿ ತಲೆಗೊಂದು ಟವೆಲು ಹಾಕಿಕೊಂಡು, ಅಜ್ಜಿಯ ಮಗಳ ಮನೆಗೆ ಹೊರಟಳು, ಆ ಬಿಸಿಲಿನಲ್ಲಿ, ಕ್ಷಮೆ ಕೇಳಲು. ಅವಳು ಮಾಡದ ತಪ್ಪಿಗೆ.

"ಹೋಗಿ ಅವಳನ್ನ ನಿಲ್ಲಿಸು," ಎಂದೆ ನಾನು, ಓಣಿ ದಾಟಿದಮೇಲೆ. "ಸರಿ ಮಾಡ್ತೀನಿ ಅಂತ ಹೋಗಿ ಈಗ ಅವಳನ್ನ ತಪ್ಪಿತಸ್ಥೆ ಮಾಡಿದೆ. ನಿನಗೆ ಒಬ್ಬರ ಭಾರ ತೆಗೆದು ಇನ್ನೊಬ್ಬರಿಗೆ ಕಟ್ಟೋದು ಬಿಟ್ಟು ಬೇರೆ ಬರೋದಿಲ್ವಾ?"

ನಾನು ಬೈದದ್ದು ಎಂದಿನ ಹಾಗೆಯೇ. ಆದರೆ ಅವಳು ನಡುರಸ್ತೆಯಲ್ಲಿ ನಿಂತುಬಿಟ್ಟಳು. ಗಾಡಿಯವರು ಹಾರ್ನು ಹೊಡೆದಮೇಲೆ ನಾನೇ ಕೈ ಹಿಡಿದು ಪಕ್ಕಕ್ಕೆ ಎಳೆದೆ.

"ಅಜ್ಜಿಗೆ ಆ ಓಣಿ ಬಿಟ್ರೆ ಕೂರೋಕೆ ಜಾಗ ಇಲ್ಲ ಅಕ್ಕಾ," ಎಂದಳು ಕೊನೆಗೆ. "ಇವಳಿಗೆ ನಾನು ಅತ್ತಿಗೆ. ಎಷ್ಟು ದಿನ ಸಿಟ್ಟಾಗಿರ್ತಾಳೆ."

ಅಜ್ಜಿ ಮರಳಿ ಬಂದಳು. ಓಣಿಯವರು ಎದುರುಗೊಂಡು ಕರೆತಂದರಂತೆ. ಗಿಡಗಳಿಗೆ ಬೆಳಗ್ಗೆ ಸಂಜೆ ನೀರು ಹಾಕುವುದು ಈಗ ಅವಳೇ, ಕೊಡ ಹಿಡಿಯಲಾಗದ್ದಕ್ಕೆ ಸಣ್ಣ ಡಬ್ಬಿಯಲ್ಲಿ ಹೊತ್ತು ಹಾಕುತ್ತಾಳೆ. ಇಸ್ತ್ರಿಯಾದ ಬಟ್ಟೆಗಳನ್ನು ಅಚ್ಚುಕಟ್ಟಮ್ಮನ ಅಂಗಡಿಗೆ ತರುವವಳೂ ಈಗ ಅವಳೇ. ನಾದಿನಿ ಕಳಿಸುತ್ತಾಳೆ.

ಅಜ್ಜಿ ನಿನ್ನೆಯೂ ಬಂದಿದ್ದಳು. ಹಲಗೆಯ ಈಚೆ ನಾನು ಗುಂಡಿ ಜೋಡಿಸುವುದನ್ನು ನಿಲ್ಲಿಸಿ ಕೇಳಿಸಿಕೊಂಡೆ.

"ಹೇಳಿಬಿಡ್ಲಾ ಅವಳಿಗೆ?" ಎಂದಳು ಅಜ್ಜಿ. "ನಂಗೆ ಅಲ್ಲಿ ಊಟ ಸೇರ್ತಿಲ್ಲ."

"ಬೇಡ ಅಜ್ಜಿ. ಹೇಳಿದ್ರೆ ನೀವು ಮತ್ತೆ ಅಲ್ಲಿರೋಕೆ ಆಗಲ್ಲ." ಮತ್ತೆ ಅಚ್ಚುಕಟ್ಟಮ್ಮನೇ ಕೇಳಿದಳು, "ಅವಳು ನನ್ನ ಬಗ್ಗೆ ಏನಾದ್ರೂ ಕೇಳಿದಳಾ?"

"ಇಲ್ಲಮ್ಮಾ," ಎಂದಳು ಅಜ್ಜಿ.

ಚಹಾ ಮಾಡಲಾ ಎಂದು ಇವಳು ಕೇಳಿದಳು. ಅಜ್ಜಿ ಬೇಡವೆಂದು ಎದ್ದು ಹೋದಳು. ಆಮೇಲೆ ಯಂತ್ರ ಮತ್ತೆ ಶುರುವಾಯಿತು.